ಗೂಡಿನಿಂದ ಕಂಡಷ್ಟು

ಎವ್ಸೇಯ್ ಪ್ಲಾತೊನೊವಿಚ್ ಬಗ್ಗೆ ನನ್ನನ್ನು ಕೇಳಿದರೆ
ಮೊದಲು ಬೂಟಿನ ಮಾತೇ ಬರುತ್ತದೆ.
ರಂಗದ ಅಂಚಿಗೆ ಕೊರೆದ ಗೂಡಿನಲ್ಲಿ ಕೂತು
ಮರೆತವರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ;
ಕಣ್ಣ ಮಟ್ಟಕ್ಕೆ ಸಿಗುವುದು ಕಾಲು ಮಾತ್ರ.
ಕೊಸ್ತ್ರೊಮಾದ ರಂಗಮಂದಿರದಲ್ಲಿ ನಲವತ್ತೊಂದು ವರ್ಷ,
ಮೊಣಕಾಲಿನಿಂದ ಮೇಲಿನ ಮನುಷ್ಯರನ್ನು
ನಾನು ಸಂಬಳದ ದಿನ ನೋಡಿದ್ದೇ ಹೆಚ್ಚು.

ಬಂದಾಗ ಅವನದು ಸೈನ್ಯದ ಬೂಟು,
ಎಡಗಾಲಿನದಕ್ಕೆ ತಂತಿಯ ಹೊಲಿಗೆ.
ಯುದ್ಧ ಮುಗಿದು ಮೂರು ಚಳಿಗಾಲ. ಪರದೆ ಎಳೆಯುವ ಕೆಲಸ.
ಪರದೆ ಎಳೆಯುವವನಿಗೆ ನಾಟಕವೆಲ್ಲ ಪಕ್ಕದಿಂದ ಕಾಣುತ್ತದೆ:
ಗೋಳಾಡಿದ ರಾಣಿ ಮರೆಗೆ ಬಂದದ್ದೇ ಮೂಗು ಒರೆಸಿಕೊಂಡು
ಬೀಟ್‌ರೂಟು ಸಿಕ್ಕಿತೇನೇ ಎಂದು ಗೆಳತಿಯನ್ನು ಕೇಳುವುದು.
"ಅದನ್ನೇ ತೋರಿಸಬೇಕು" ಎಂದನಂತೆ.
ನಕ್ಕರು. ಆರು ವರ್ಷದ ಮೇಲೆ ತೋರಿಸಿದ.

ಆಗ ಕಂದು ಬೂಟು, ಅದೂ ಸಾಲದ್ದು.
ನಟರನ್ನು ಸಭೆಗೆ ಬೆನ್ನು ಮಾಡಿ ಕೂರಿಸಿದ.
ಇಡೀ ಒಂದು ಅಂಕ ಯಾರೂ ತುಟಿ ಬಿಚ್ಚದೆ
ಆಲೂಗಡ್ಡೆ ಸುಲಿದರು, ನಿಜವಾದ ಆಲೂಗಡ್ಡೆ,
ಸಿಪ್ಪೆಯೊಂದು ಉರುಳಿ ನನ್ನ ಪುಸ್ತಕದ ಮೇಲೆ ಬಿತ್ತು.
ನನಗೆ ಅಂದು ಕೆಲಸವೇ ಇಲ್ಲ.
ಕತ್ತಲಲ್ಲಿ ಯಾರೋ ಬಿಕ್ಕಿದ್ದು ಕೇಳಿತು.
ಮೌನವನ್ನೂ ಎತ್ತಿಕೊಡಬಹುದೆಂದು
ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಹೆಸರು ಬಂತು. ಹೆಸರಿನ ಬೆನ್ನಿಗೇ ರೈಲಿನ ಟಿಕೆಟು,
ಉರಲ್ ಬೆಟ್ಟದ ಊರಿನ ಸಿನಿಮಾ ಸ್ಟುಡಿಯೊ.
"ಅಗ್ನಿಯಾ ಮಾತು ಮರೆಯುತ್ತಾಳೆ, ನೀನೂ ಬಾ" ಎಂದ.
ಅರವತ್ತೇಳರ ಏಪ್ರಿಲ್. ಕಾಮಾ ನದಿಯ ಮಂಜು ಒಡೆಯಲೆಂದು
ಹನ್ನೊಂದು ದಿನ ಕಾದೆವು.
ಇದ್ದ ಒಂದೇ ಕುರಿದೊಗಲ ಕೋಟನ್ನು ಕ್ಯಾಮೆರಾಕ್ಕೆ ಹೊದಿಸಿದ;
ನಡುಗುವ ಪಾಳಿ ನಮ್ಮದು.
ಧ್ವನಿಯನ್ನು ಅಲ್ಲೇ ಹಿಡಿಯಬೇಕೆಂಬ ಹಟ ಬೇರೆ.

ಹನ್ನೆರಡನೆಯ ದಿನ ನದಿ
ತೋಪು ಹಾರಿಸಿದಂತೆ ಬಿರಿಯಿತು.
ದಡದಲ್ಲಿ ಅಗ್ನಿಯಾ, ಬಾರದ ಗಂಡನಿಗೆ ಹೇಳಬೇಕಾದ
ಒಂದೇ ಒಂದು ಮಾತು. ಬಾಯಿ ತೆರೆದಳು, ಮರೆತಳು.
ಮಗುಚಿ ಹಾಕಿದ ದೋಣಿಯ ಹಿಂದಿನಿಂದ ಪಿಸುಗುಟ್ಟಿದೆ:
ಆಚೆ ದಡದಲ್ಲೂ ಚಳಿಯೇನಾ?
ಅವಳಿಗೆ ಕೇಳಿಸಿತು. ಹೇಳಲಿಲ್ಲ.
ಸುಮ್ಮನೆ ನೀರಿನತ್ತ ನೋಡಿದಳು.
"ಸಾಕು" ಎಂದ ಅವನು, ಮತ್ತೊಮ್ಮೆ ತೆಗೆಯಲಿಲ್ಲ.

ಮಾಸ್ಕೋದವರು ನಾಲ್ವರು ಬಂದು ನೋಡಿದರು. ಚಹಾ ಕುಡಿದರು.
ನದಿ ಯಾಕಿಷ್ಟು ಕಪ್ಪು ಎಂದರು.
ಎಂಟು ಡಬ್ಬಿ ಕಪಾಟು ಸೇರಿತು.

ತಿರುಗಿ ಬಂದವನ ಕಾಲಲ್ಲಿ ಉಣ್ಣೆಯ ಬೂಟು; ಸದ್ದಿಲ್ಲದ್ದು.
ಮಕ್ಕಳ ಹೊಸವರ್ಷದ ನಾಟಕ, ದಿನಕ್ಕೆ ಮೂರು ಆಟ:
ಮೊಲ, ನರಿ, ಹತ್ತಿ ಗಡ್ಡದ ಚಳಿಯಜ್ಜ.
ಇಪ್ಪತ್ತು ವರ್ಷ. ದೂರಿದ್ದನ್ನು ನಾನು ಕೇಳಿಲ್ಲ;
ದೂರಲು ನನ್ನ ಗೂಡಿನವರೆಗೆ ಬಗ್ಗಬೇಕಿತ್ತು,
ಅವನ ಸೊಂಟ ಬಗ್ಗುತ್ತಿರಲಿಲ್ಲ.
ಆದರೆ ಮೊಲ ಹೆದರಿದಾಗ ಸಭೆಗೆ ಬೆನ್ನು ಮಾಡಿ ನಿಲ್ಲುತ್ತಿತ್ತು,
ಮುನ್ನೂರು ಮಕ್ಕಳು ಮಿಠಾಯಿ ಕಾಗದ ಸದ್ದು ಮಾಡದೆ ಕೂರುತ್ತಿದ್ದರು.

ಎಂಬತ್ತೇಳರ ಡಿಸೆಂಬರಿನಲ್ಲಿ ಡಬ್ಬಿಗೆ ಬಿಡುಗಡೆ.
"ನೀ ಹೋಗಿ ಬಾ. ನರಿಗೆ ಜ್ವರ, ಬಾಲ ನಾನೇ ಕಟ್ಟಿಕೊಳ್ಳಬೇಕು."
ಹೋದೆ. ಎಂಟನೆಯ ಸಾಲು. ಹಾಗೆ
ಎಲ್ಲರಂತೆ ಕುರ್ಚಿಯಲ್ಲಿ ಕೂತದ್ದು ನೆನಪಿಲ್ಲ.
ನದಿ ಬಿರಿಯಿತು. ಅಗ್ನಿಯಾ, ಮಣ್ಣು ಸೇರಿ ಐದು ವರ್ಷ, ಬಾಯಿ ತೆರೆದಳು.
ಆಗ ಎಲ್ಲಿಂದಲೋ, ನೀರಿನಡಿಯಿಂದಲೋ ಎಂಬಂತೆ,
ಆಚೆ ದಡದಲ್ಲೂ ಚಳಿಯೇನಾ?

ನನ್ನದೇ. ಬಾಯ್ತುಂಬ ಹಲ್ಲಿದ್ದ ಕಾಲದ ದನಿ.
ಪಕ್ಕದ ಹುಡುಗ ಮೈ ಮುದುರಿಕೊಂಡ.

ಮರುದಿನ ಗೂಡಿಗಿಳಿದೆ.
ಉಣ್ಣೆಯ ಬೂಟು ಬಂದು ಎದುರು ನಿಂತಿತು, ಕರಗಿದ ಹಿಮ, ನೇತುಬಿದ್ದ ಬಾಲ.
ಯಾಕೆ ಅಳಿಸಲಿಲ್ಲ ಎಂದು ಕೇಳಬೇಕೆಂದುಕೊಂಡಿದ್ದೆ.
"ಕಪಿತೋಲಿನಾ, ನರಿಯ ಎರಡನೇ ಮಾತು ಏನು?" ಎಂದ.
ಎತ್ತಿಕೊಟ್ಟೆ.